ಕೀಮೋಗೆ ಲೆಕ್ಕ ಅದ, ನಿಮ್ಮ ಫಾರ್ವರ್ಡಿಗೆ ಏನದ?

"ಕೀಮೋ ಕೊಡಸಬ್ಯಾಡ್ರಿ. ಕ್ಯಾನ್ಸರಿಂದ ಯಾರೂ ಸಾಯಲ್ಲ, ಕೀಮೋದಿಂದ ಸಾಯ್ತಾರ."

ಈ ಮಾತನ್ನು ನಾನು ಬೀದರಿನ ಮದುವೆ ಮಂಟಪದಲ್ಲಿ ಕೇಳಿದ್ದೇನೆ, ಭಾಲ್ಕಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೇಳಿದ್ದೇನೆ, ಬೆಂಗಳೂರಿನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲೂ ಕೇಳಿದ್ದೇನೆ. ಹೇಳುವವರು ಯಾರು ಅಂತ ಒಮ್ಮೆ ಗಮನಿಸಿ. ತೊಗರಿ ಹೊಲದಲ್ಲಿ ಬೆನ್ನು ಬಗ್ಗಿಸಿ ದುಡಿಯುವ ಅವ್ವ ಅಲ್ಲ. ಆಕೆ "ಡಾಕ್ಟ್ರು ಏನಂತಾರ ಹಂಗ ಮಾಡಮು" ಅಂತಾಳೆ. ಹೇಳುವವರು ನಾವು. ಬಿ.ಇ. ಮುಗಿಸಿ ಹೈದರಾಬಾದಿಗೋ ಪುಣೆಗೋ ಬೆಂಗಳೂರಿಗೋ ಹೋದವರು, ಕೈಯಲ್ಲಿ ಒಳ್ಳೆ ಫೋನು, ತಲೆಯಲ್ಲಿ ಒಂದಿಷ್ಟು ಇಂಗ್ಲಿಷು ಇರುವವರು. ಊರಲ್ಲಿ ಯಾರಿಗಾದರೂ ದೊಡ್ಡ ಬ್ಯಾನಿ ಬಂದರೆ ಮೊದಲ ಫೋನು ನಮಗೇ ಬರುತ್ತದೆ: "ನೀ ಓದಿದಾಂವ ಇದ್ದಿ, ನೀನೇ ಹೇಳಪಾ." ಆಗ ನಾವು ಏನು ಹೇಳುತ್ತೇವೆ ಎಂಬುದೇ ಈ ಬರಹದ ಜಗಳ.

ಭಾಲ್ಕಿ ಹತ್ತಿರದ ಹಳ್ಳಿಯಲ್ಲಿ ನನಗೆ ದೂರದ ಸಂಬಂಧದ ಒಬ್ಬ ಅತ್ತಿ ಇದ್ದಳು. ಎದೆಯಲ್ಲಿ ಗಂಟು ಬಂತು. ಹೈದರಾಬಾದಿನ ಒಂದು ದವಾಖಾನೆಯಲ್ಲಿ ಆಪರೇಷನ್ ಆಯಿತು. ಕಂಕುಳಿಗೂ ಹಬ್ಬಿದೆ, ಕೀಮೋ ಬೇಕೇ ಬೇಕು ಅಂದರು. ಆ ರಾತ್ರಿ ಮನೆಯಲ್ಲಿ ಪಂಚಾಯ್ತಿ. ಪುಣೆಯಲ್ಲಿದ್ದ ಮಗ ಸ್ಪೀಕರಿನಲ್ಲಿ. ಅವನು ಕಳಿಸಿದ ಒಂದು ವಿಡಿಯೋ ಎಲ್ಲವನ್ನೂ ತೀರ್ಮಾನ ಮಾಡಿತು. ಲಕ್ಷ್ಮಣಫಲ, ಗೋಮೂತ್ರ, ಅರಿಶಿನದ ಕಷಾಯ, ಸಕ್ಕರೆ ಪೂರಾ ಬಂದ್. ಐದು ತಿಂಗಳು ನಡೆಯಿತು. ಆರನೇ ತಿಂಗಳು ಬೆನ್ನು ನೋವು. ಸ್ಕ್ಯಾನ್ ಮಾಡಿದರೆ ಬೆನ್ನೆಲುಬಿನಲ್ಲಿ ಕ್ಯಾನ್ಸರ್. ಆಗ ಕೊಟ್ಟದ್ದೂ ಕೀಮೋನೇ. ಆದರೆ ಅದು ಗುಣಪಡಿಸಲಿಕ್ಕೆ ಕೊಡುವ ಕೀಮೋ ಅಲ್ಲ, ಉಳಿದ ದಿನಗಳನ್ನು ಹಿಗ್ಗಿಸಿ ನೋವು ತಗ್ಗಿಸಲಿಕ್ಕೆ ಕೊಡುವ ಕೀಮೋ. ಮೊದಲೇ ಕೊಟ್ಟಿದ್ದರೆ ಉಳಿಯುತ್ತಿದ್ದಳೇ? ಖಾತ್ರಿ ಯಾರೂ ಕೊಡಲಾರರು. ಆದರೆ ಒಂದು ಅವಕಾಶ ಇತ್ತು. ಅದನ್ನು ಒಂದು ವಿಡಿಯೋ ತಿಂದುಹಾಕಿತು.

ಅತ್ತಿ ಹೋದ ಮೇಲೆ ಮಣ್ಣಿಗೆ ಬಂದ ಮಂದಿ ಏನಂದರು ಗೊತ್ತೇನು? "ನೋಡ್ರಿ, ಕೀಮೋ ಕೊಟ್ರು, ಹೋದ್ಳು."

ಸುಳ್ಳು ಹೀಗೆ ತನ್ನ ಸಾಕ್ಷಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹೆದರಿಸಿ ತಡ ಮಾಡಿಸುತ್ತದೆ, ತಡವಾದ್ದರಿಂದ ಔಷಧ ಸೋಲುತ್ತದೆ, ಆ ಸೋಲು ಮುಂದಿನ ಮನೆಗೆ ಹೆದರಿಕೆಯಾಗಿ ಹೋಗುತ್ತದೆ.

ಸರಿ, ಮುಖ್ಯ ಆರೋಪಕ್ಕೇ ಬರೋಣ. ಕೀಮೋ ವಿಷವೇ? ಹೌದು ರೀ, ವಿಷವೇ. ಮುಚ್ಚಿಡುವಂಥದ್ದು ಏನೂ ಇಲ್ಲ. ಅದರ ಹುಟ್ಟೇ ಯುದ್ಧದ ವಿಷದಲ್ಲಿ. 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಗುಡ್‌ಮನ್ ಮತ್ತು ಗಿಲ್ಮನ್ ಎಂಬಿಬ್ಬರು, ಸಾಸಿವೆ ಅನಿಲದ ಬಳಗಕ್ಕೆ ಸೇರಿದ ನೈಟ್ರೋಜನ್ ಮಸ್ಟರ್ಡ್ ಅನ್ನು ಲಿಂಫೋಮಾ ರೋಗಿಯೊಬ್ಬನಿಗೆ ಕೊಡಿಸಿದರು. ಗಡ್ಡೆಗಳು ಕರಗಿದವು, ಕೆಲವೇ ವಾರಗಳಲ್ಲಿ ತಿರುಗಿ ಬಂದವು. ಆದರೆ ಔಷಧದಿಂದ ಗಡ್ಡೆ ಕರಗುತ್ತದೆ ಎಂಬುದು ಅಂದೇ ಗೊತ್ತಾಯಿತು. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್, ರಕ್ತ ಕ್ಯಾನ್ಸರಿನ ಮಕ್ಕಳು ಅಮಿನಾಪ್ಟೆರಿನ್ ಎಂಬ ಔಷಧದಿಂದ ಸ್ವಲ್ಪ ಕಾಲವಾದರೂ ಚೇತರಿಸಿಕೊಂಡದ್ದನ್ನು ಪ್ರಕಟಿಸಿದರು. ಆ ಔಷಧ ಬಂದದ್ದು ಎಲ್ಲಪ್ರಗಡ ಸುಬ್ಬರಾವ್ ಅವರ ತಂಡದಿಂದ. ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಮನುಷ್ಯ. ಕೀಮೋ "ವಿದೇಶಿ ಕಂಪನಿಗಳ ಸಂಚು" ಅನ್ನುವವರು ಈ ಹೆಸರನ್ನು ಒಮ್ಮೆ ಕೇಳಿಕೊಳ್ಳಲಿ.

"ನ್ಯಾಚುರಲ್ ಔಷಧ ಇರುವಾಗ ಕೆಮಿಕಲ್ ಯಾಕೆ?" ಅನ್ನುವವರಿಗೂ ಒಂದು ಮಾತಿದೆ. ನಿಮ್ಮ ಮನೆ ಮುಂದೆ ಗುಲಾಬಿ ಬಣ್ಣದ ಸದಾಪುಷ್ಪ ಇರಬಹುದು, ನಮ್ಮ ಕಡೆ ಸದಾಬಹಾರ್, ಸದಾಫೂಲಿ ಅಂತಾರೆ. ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧ ಸಿಕ್ಕಿದ್ದು ಆ ಗಿಡದಲ್ಲೇ. ಹಾಗಂತ ಎಲೆ ಅರೆದು ಕುಡಿಯಬೇಡಿ. ಒಂದು ಗ್ರಾಂ ಔಷಧಕ್ಕೆ ನೂರಾರು ಕಿಲೋ ಒಣಗಿದ ಎಲೆ ಬೇಕು. ದೊಡ್ಡವರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರುವುದಿಲ್ಲ. ಮೀರಿದರೆ ನರಗಳು ಹಾಳು. ರಕ್ತನಾಳಕ್ಕೆ ಕೊಡಬೇಕಾದ್ದನ್ನು ತಪ್ಪಿ ಬೆನ್ನುಹುರಿಯ ದ್ರವಕ್ಕೆ ಚುಚ್ಚಿದರೆ ಸಾವು. ಗಿಡದಿಂದ ಬಂತೋ ಫ್ಯಾಕ್ಟರಿಯಿಂದ ಬಂತೋ ಅನ್ನುವುದಲ್ಲ ವ್ಯತ್ಯಾಸ. ಲೆಕ್ಕ ಇದೆಯೋ ಇಲ್ಲವೋ ಅನ್ನುವುದೇ ವ್ಯತ್ಯಾಸ.

ಆ ಲೆಕ್ಕ ಏನು? ಕ್ಯಾನ್ಸರ್ ಕಣದ ಒಂದೇ ಚಟ, ಎಡೆಬಿಡದೆ ಒಡೆದು ಎರಡಾಗುವುದು. ಕೀಮೋ ಏಟು ಹಾಕುವುದು ಅಲ್ಲಿಗೇ. ಸೈಕ್ಲೋಫಾಸ್ಫಮೈಡ್‌ನಂಥವು ಡಿಎನ್‌ಎ ಎಳೆಗಳಿಗೆ ಗಂಟು ಹಾಕುತ್ತವೆ, ಬಿಚ್ಚಿ ನಕಲು ಮಾಡಲು ಆಗುವುದಿಲ್ಲ. ಮೆಥೊಟ್ರೆಕ್ಸೇಟ್, 5-ಎಫ್‌ಯು ಥರದವು ಕಚ್ಚಾ ಮಾಲಿನ ವೇಷ ಹಾಕಿ ಒಳಗೆ ಹೋಗಿ ಡಿಎನ್‌ಎ ಕಟ್ಟುವ ಕೆಲಸ ಕೆಡಿಸುತ್ತವೆ. ಡಾಕ್ಸೊರುಬಿಸಿನ್, ಡಿಎನ್‌ಎಯ ಸಿಕ್ಕು ಬಿಡಿಸುವ ಕಿಣ್ವವನ್ನೇ ಹಿಡಿದು ನಿಲ್ಲಿಸುತ್ತದೆ. ಕಣ ಎರಡಾಗುವಾಗ ವರ್ಣತಂತುಗಳನ್ನು ಆಚೀಚೆ ಎಳೆಯುವ ಹಗ್ಗಗಳಿರುತ್ತವಲ್ಲ, ವಿನ್‌ಕ್ರಿಸ್ಟಿನ್ ಆ ಹಗ್ಗ ಹೊಸೆಯಲು ಬಿಡುವುದಿಲ್ಲ, ಪ್ಯಾಕ್ಲಿಟ್ಯಾಕ್ಸೆಲ್ ಹೊಸೆದದ್ದನ್ನು ಬಿಚ್ಚಲು ಬಿಡುವುದಿಲ್ಲ. ಬೇರೆ ಬೇರೆ ಕಡೆಯಿಂದ ಹೊಡೆದರೆ ಕಣಕ್ಕೆ ತಪ್ಪಿಸಿಕೊಳ್ಳುವ ದಾರಿ ಕಡಿಮೆ. ಎರಡು ಮೂರು ಔಷಧ ಸೇರಿಸಿ ಕೊಡುವುದು ಅದಕ್ಕೇ.

ನಮ್ಮ ಬೀದರಿನವರಿಗೆ ಇದನ್ನು ಬಿದರಿ ಕಲೆಯಿಂದ ಹೇಳಬಹುದು. ಸತು-ತಾಮ್ರದ ಮಿಶ್ರಲೋಹದ ಹೂಜಿಯ ಮೇಲೆ ಬೆಳ್ಳಿಯ ಕುಸುರಿ ಕೂಡಿಸಿ, ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚುತ್ತಾರೆ. ಹಚ್ಚುವುದು ಎಲ್ಲ ಕಡೆಗೂ. ಕಪ್ಪಾಗುವುದು ಲೋಹ ಮಾತ್ರ, ಬೆಳ್ಳಿ ಹೊಳೆಯುತ್ತಲೇ ಇರುತ್ತದೆ. ಕೀಮೋ ಕೂಡ ಮೈಯೆಲ್ಲ ಹರಿಯುತ್ತದೆ, ಹೆಚ್ಚು ಒಡೆಯುವ ಕಣಕ್ಕೆ ಹೆಚ್ಚು ಏಟು ಬೀಳುತ್ತದೆ. ಆದರೆ ಬಿದರಿಯಷ್ಟು ಸಫಾಯಿ ಅದಕ್ಕಿಲ್ಲ. ನಮ್ಮ ದೇಹದಲ್ಲೂ ಬೇಗ ಬೇಗ ಒಡೆಯುವ ಒಳ್ಳೆಯ ಕಣಗಳಿವೆ: ಕೂದಲಿನ ಬುಡ, ಬಾಯಿ-ಕರುಳಿನ ಒಳಪದರ, ಎಲುಬಿನ ಮಜ್ಜೆ. ಅದಕ್ಕೇ ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ಭೇದಿಯಾಗುತ್ತದೆ, ರಕ್ತದ ಬಿಳಿ ಕಣ ಇಳಿಯುತ್ತವೆ. ಔಷಧ ಕೆಲಸ ಮಾಡುವ ರೀತಿಯೇ ಸೈಡ್ ಇಫೆಕ್ಟಿಗೂ ಬಹುಪಾಲು ಕಾರಣ. ಒಳ್ಳೆಯ ಕಣಗಳು ಚೇತರಿಸಿಕೊಳ್ಳಲಿ ಅಂತ ನಡುವೆ ಬಿಡುವು ಕೊಡುತ್ತಾರೆ. 21 ದಿನಕ್ಕೊಮ್ಮೆ ಬನ್ನಿ ಅನ್ನುವುದು ಅದಕ್ಕೆ. ಪ್ರತಿ ಸಲ ರಕ್ತ ಪರೀಕ್ಷೆ, ಕಣ ಕಮ್ಮಿ ಇದ್ದರೆ ಮುಂದಕ್ಕೆ ಹಾಕುವುದು. ಎತ್ತರ, ತೂಕ ನೋಡಿ ಮೈಯ ಚದರಳತೆ ತೆಗೆದು ಪ್ರಮಾಣ ಕಟ್ಟುವುದು. ಸಿಸ್‌ಪ್ಲಾಟಿನ್ ಆದರೆ ಮೊದಲು ಕಿಡ್ನಿ ನೋಡಿ, ಬೇಕಾದಷ್ಟು ಸಲೈನ್ ಹರಿಸುವುದು. ಡಾಕ್ಸೊರುಬಿಸಿನ್ ಆದರೆ ಹೃದಯದ ಎಕೋ ಮಾಡಿಸಿ, ಜೀವಮಾನಕ್ಕೆ ಇಷ್ಟೇ ಅಂತ ಮಿತಿ ಇಟ್ಟುಕೊಳ್ಳುವುದು. ಇಷ್ಟು ಲೆಕ್ಕ ಇಟ್ಟು ಕೊಡುವ ವಿಷ ಅದು. ಕಷಾಯದ ಬಾಟಲಿಯಲ್ಲಿ ಏನಿದೆ, ಎಷ್ಟಿದೆ, ಯಾರಿಗೆ ಎಷ್ಟು ದಿನ? ಕೇಳಿ ನೋಡಿ, ಬೈಗುಳ ಸಿಗುತ್ತದೆ.

ಇನ್ನೊಂದು ಫಾರ್ವರ್ಡ್ ಇದೆ, ಅಂಕಿ-ಅಂಶದ ಅಂಗಿ ತೊಟ್ಟದ್ದು: "ಕೀಮೋದಿಂದ ಬದುಕುವವರು ಬರೀ 2%. ಇದು ವಿದೇಶಿ ಡಾಕ್ಟರುಗಳ ಸಂಶೋಧನೆ." ಓದಿದವರು ಬೀಳುವುದು ಈ ಗುಂಡಿಗೇ. ಸಂಶೋಧನೆ ಇದೆ, ಸುಳ್ಳಲ್ಲ. 2004ರಲ್ಲಿ ಆಸ್ಟ್ರೇಲಿಯಾದ ಮೂವರು ವೈದ್ಯರು ಬರೆದದ್ದು. ವಯಸ್ಕರ 22 ಬಗೆಯ ಕ್ಯಾನ್ಸರ್ ಸೇರಿಸಿ, ಐದು ವರ್ಷ ಬದುಕುವುದರಲ್ಲಿ ಕೀಮೋದ ಪಾಲು ಆಸ್ಟ್ರೇಲಿಯಾದಲ್ಲಿ 2.3%, ಅಮೆರಿಕದಲ್ಲಿ 2.1% ಅಂದರು. ಆದರೆ ಕೀಮೋ ಬಹಳ ಚೆನ್ನಾಗಿ ಕೆಲಸ ಮಾಡುವ ರಕ್ತ ಕ್ಯಾನ್ಸರುಗಳು ಆ ಲೆಕ್ಕದಲ್ಲಿ ಇಲ್ಲ. ಮಕ್ಕಳ ಕ್ಯಾನ್ಸರ್ ಇಲ್ಲ. ಆಪರೇಷನ್ನಿಂದಲೇ ಗುಣವಾಗಿ ಕೀಮೋ ಬೇಕೇ ಆಗದವರು ಮಾತ್ರ ಲೆಕ್ಕದೊಳಗೇ ಇದ್ದಾರೆ! ಜ್ವರದವರು, ಬಾಣಂತಿಯರು, ಕಾಲು ಮುರಿದವರು ಎಲ್ಲರನ್ನೂ ಒಂದೇ ವಾರ್ಡಿನಲ್ಲಿ ಮಲಗಿಸಿ, "ಪ್ಲಾಸ್ಟರ್ ಹಾಕಿದ್ದರಿಂದ ಗುಣ ಆದವರು ಬರೀ 2%, ಪ್ಲಾಸ್ಟರ್ ಮೋಸ" ಅಂದ ಹಾಗಾಯಿತು.

ಕ್ಯಾನ್ಸರ್ ಒಂದು ರೋಗ ಅಲ್ಲ, ಕೀಮೋ ಒಂದು ಔಷಧ ಅಲ್ಲ. ಮಕ್ಕಳ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದಲ್ಲಿ ಒಳ್ಳೆಯ ಚಿಕಿತ್ಸೆ ಪೂರಾ ಸಿಕ್ಕರೆ ಇವತ್ತು 100ರಲ್ಲಿ 80ಕ್ಕೂ ಹೆಚ್ಚು ಮಕ್ಕಳು ಉಳಿಯುತ್ತಾರೆ, ಅದರ ಬೆನ್ನೆಲುಬು ಕೀಮೋ. ಸ್ತನ ಕ್ಯಾನ್ಸರಿನಲ್ಲಿ ಆಪರೇಷನ್ ಆದ ಮೇಲೆ ಕಣ್ಣಿಗೆ ಕಾಣದೆ ಉಳಿದ ಕಣಗಳನ್ನು ಕೊಲ್ಲಲು ಕೊಡುತ್ತಾರೆ. ಕೆಲವೊಮ್ಮೆ ಆಪರೇಷನ್ನಿಗೆ ಮೊದಲೇ ಗಡ್ಡೆ ಕುಗ್ಗಿಸಲು ಕೊಡುತ್ತಾರೆ. ಗರ್ಭಕೊರಳಿನ ಕ್ಯಾನ್ಸರಿಗೆ, ಗುಟ್ಕಾ-ತಂಬಾಕು ಬಹಳ ಮಂದಿಗೆ ತರುವ ಬಾಯಿ-ಗಂಟಲಿನ ಕ್ಯಾನ್ಸರಿಗೆ, ರೇಡಿಯೇಷನ್ ಜೊತೆ ಸಿಸ್‌ಪ್ಲಾಟಿನ್ ಕೊಡುತ್ತಾರೆ. ಇನ್ನು ಯುವರಾಜ್ ಸಿಂಗ್ ಯಾರಿಗೆ ಗೊತ್ತಿಲ್ಲ? 2012ರಲ್ಲಿ ಅಮೆರಿಕದಲ್ಲಿ ಕೀಮೋ ತಗೊಂಡು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಭಾರತ ತಂಡಕ್ಕೆ ವಾಪಸ್ ಬಂದು ಆಡಿದ. ಅವನಿಗಿದ್ದ ಜರ್ಮ್ ಸೆಲ್ ಗಡ್ಡೆಗಳನ್ನು ಗುಣವಾಗುವ ರೋಗ ಮಾಡಿದ್ದೇ ಸಿಸ್‌ಪ್ಲಾಟಿನ್. ಅದು ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲೇ ಇದೆ, ಕ್ರಿಕೆಟ್ ಆಟಗಾರರಿಗೆ ಮಾತ್ರ ಮೀಸಲಲ್ಲ.

ಔಷಧ ಬಿಟ್ಟವರ ಕತೆ ಏನಾಯಿತು? ಅದಕ್ಕೂ ಲೆಕ್ಕ ಇದೆ. ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಪರೇಷನ್-ಕೀಮೋ-ರೇಡಿಯೇಷನ್ ಎಲ್ಲ ಬಿಟ್ಟು ಪರ್ಯಾಯ ಚಿಕಿತ್ಸೆ ಒಂದನ್ನೇ ನಂಬಿದ 281 ರೋಗಿಗಳನ್ನು ನೋಡಿದರು. ಇವರೆಲ್ಲ ಗುಣವಾಗುವ ಹಂತದಲ್ಲೇ ಇದ್ದವರು. ಚಿಕಿತ್ಸೆ ಪಡೆದವರಿಗಿಂತ ಇವರಿಗೆ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಹೆಚ್ಚು. ಈ ಫಾರ್ವರ್ಡ್ ಮಾತ್ರ ಯಾವ ಗುಂಪಿಗೂ ಬರುವುದಿಲ್ಲ.

ಹಾಗಾದರೆ ಕೀಮೋ ಹಗುರವೇ? ಅಲ್ಲ. ಹಗುರ ಅಂತ ಹೇಳುವವರೂ ಸುಳ್ಳು ಹೇಳುತ್ತಾರೆ. ವಾಂತಿಯನ್ನು ಇವತ್ತು ಬಹುಮಟ್ಟಿಗೆ ಹಿಡಿತದಲ್ಲಿಡಬಹುದು. 1990ರ ದಶಕದಲ್ಲಿ ಒಂಡಾನ್ಸೆಟ್ರಾನ್ ಬಂದ ಮೇಲೆ ಚಿತ್ರವೇ ಬದಲಾಯಿತು, ಹಳೇ ಸಿನಿಮಾದ ಬಕೆಟ್ ದೃಶ್ಯ ನೋಡಿ ಹೆದರಬೇಡಿ. ಕೂದಲು ಸಾಮಾನ್ಯವಾಗಿ ತಿರುಗಿ ಬರುತ್ತದೆ. ಆದರೆ ಕೈಕಾಲು ಜೋಮು ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಸಿಸ್‌ಪ್ಲಾಟಿನ್ ಕಿವಿ ಮಂದ ಮಾಡಬಹುದು. ಡಾಕ್ಸೊರುಬಿಸಿನ್ ಹೃದಯ ಸೋಲಿಸಬಹುದು. ಮಕ್ಕಳಾಗುವ ಶಕ್ತಿ ಹೋಗಬಹುದು. ನಿಮ್ಮ ವಯಸ್ಸಿನವರಿಗೆ ಕೀಮೋ ಬಂದರೆ, ಮೊದಲ ಡೋಸಿಗೂ ಮುಂಚೆ ವೀರ್ಯ ಅಥವಾ ಅಂಡಾಣು ಕಾಪಿಡುವ ಬಗ್ಗೆ ಕೇಳಬೇಕು, ನಾಚಿಕೊಂಡು ಕೂಡುವ ಹೊತ್ತಲ್ಲ ಅದು. ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಮೆಥೊಟ್ರೆಕ್ಸೇಟೇ ಸಾಕ್ಷಿ. ಕೀಲುವಾತಕ್ಕೆ ಅದನ್ನೇ ಸಣ್ಣ ಪ್ರಮಾಣದಲ್ಲಿ ವಾರಕ್ಕೊಮ್ಮೆ ಕೊಡುತ್ತಾರೆ, ನಿಮ್ಮ ಅವ್ವನೇ ತಗೋತಿರಬಹುದು. ಅದನ್ನೇ ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಕುತ್ತು.

ಎಲ್ಲಕ್ಕಿಂತ ಅಪಾಯದ್ದು ಯಾವುದು ಗೊತ್ತೇ? ಕೂದಲಲ್ಲ, ವಾಂತಿಯಲ್ಲ, ಜ್ವರ. ಕೀಮೋ ಆದ 7ರಿಂದ 14 ದಿನದೊಳಗೆ ಬಿಳಿ ರಕ್ತಕಣ ತೀರಾ ಕೆಳಗಿಳಿಯುತ್ತವೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಅದು ತುರ್ತು ಪರಿಸ್ಥಿತಿ. ಪ್ಯಾರಾಸಿಟಮಾಲ್ ನುಂಗಿ ಮುಂಜಾನೆ ತನಕ ಕಾಯುವ ಜ್ವರ ಅಲ್ಲ. ಒಂದು ತಾಸಿನೊಳಗೆ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಹೋಗಬೇಕು.

ಈಗ ಔರಾದ್ ತಾಲೂಕಿನ ಒಂದು ತಾಂಡಾ ಅಂದುಕೊಳ್ಳಿ. ಕರ್ನಾಟಕದ ನೆತ್ತಿಯ ತುದಿ. ರೈಲಿಲ್ಲ. ಬೀದರ್ ಸುಮಾರು 40 ಕಿ.ಮೀ. ಕೀಮೋ ಹತ್ತನೇ ದಿನ, ರಾತ್ರಿ ಎರಡು ಗಂಟೆ, ಮೈ ಸುಡುತ್ತಿದೆ. ಕೀಮೋ ಕೊಟ್ಟ ಡಾಕ್ಟರು ಎಲ್ಲಿದ್ದಾರೆ? ಕಲಬುರಗಿಯ ಕಿದ್ವಾಯಿ ಕೇಂದ್ರದಲ್ಲಿದ್ದರೆ ಬೀದರಿನಿಂದ ಇನ್ನೂ ಸುಮಾರು 110 ಕಿ.ಮೀ., ಹೈದರಾಬಾದಿನ ಎಂ.ಎನ್.ಜೆ. ಆಸ್ಪತ್ರೆಯಲ್ಲಿದ್ದರೆ ಹತ್ತಿರ ಹತ್ತಿರ 150, ಬೆಂಗಳೂರಿನ ಕಿದ್ವಾಯಿಯಲ್ಲಿದ್ದರೆ ಸುಮಾರು 700. ಬೆಂಗಳೂರಿಗೆ ಆರು ಸಲ ಹೋಗಿ ಬಂದರೆ 8,400 ಕಿ.ಮೀ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಒಪ್ಪಿದೆ. ಬಸ್ಸಿನ ಛಾರ್ಜು, ಜೊತೆಗೆ ಹೋಗುವವರ ಹೋದ ಕೂಲಿ, ಲಾಡ್ಜು, ಊಟ? ಎರಡು ಸೈಕಲ್ ಆದ ಮೇಲೆ ಎಮ್ಮೆ ಮಾರುತ್ತಾರೆ, ಮೂರನೆಯದಕ್ಕೆ "ಸಾಕು ಬಿಡ್ರಿ" ಅಂತಾರೆ. ಆ ಮನೆಯವರಿಗೆ ಕೀಮೋದ ದೊಡ್ಡ ಸೈಡ್ ಇಫೆಕ್ಟ್ ರಸ್ತೆ.

ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧಕ್ಕೆ ಬೇಕಾದ ರಾಸಾಯನಿಕ ತಯಾರಿಸುವ ಕಾರ್ಖಾನೆಗಳಿವೆ. ವಾಸನೆ ನಮಗೆ, ಔಷಧ ಬ್ಯಾರೆ ಊರಿಗೆ. 371(ಜೆ) ಬಂದು ಹತ್ತು ವರ್ಷ ದಾಟಿತು, ಆ ಕೋಟಾದಲ್ಲೇ ನಮ್ಮಲ್ಲಿ ಎಷ್ಟೋ ಮಂದಿ ಸೀಟು ಹಿಡಿದೆವು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಅಂತ ಹೆಸರೂ ಬದಲಾಯಿತು. ಕ್ಯಾನ್ಸರ್ ರೋಗಿ ಹತ್ತುವ ಬಸ್ಸಿನ ಬೋರ್ಡು ಮಾತ್ರ ಇನ್ನೂ ಹೈದರಾಬಾದ್.

ಕೇಂದ್ರದ 2025ರ ಬಜೆಟ್ಟಿನಲ್ಲಿ, ಮೂರು ವರ್ಷದಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ-ಕೇರ್ ಕ್ಯಾನ್ಸರ್ ಕೇಂದ್ರ, 2025-26ರಲ್ಲೇ 200 ಅಂತ ಮಾತು ಕೊಟ್ಟರು. ಆಗದ ಮಾತಲ್ಲ. ಮಧ್ಯಪ್ರದೇಶ ಸುಮಾರು ಹತ್ತು ವರ್ಷದ ಹಿಂದೆಯೇ ಜಿಲ್ಲಾ ಆಸ್ಪತ್ರೆಯ ವೈದ್ಯರು, ನರ್ಸುಗಳಿಗೆ ತರಬೇತಿ ಕೊಟ್ಟು, ದೊಡ್ಡ ಊರಿನ ತಜ್ಞರು ಬರೆದ ಕೀಮೋವನ್ನು ಜಿಲ್ಲೆಯಲ್ಲೇ ಹಚ್ಚಲು ಶುರು ಮಾಡಿತ್ತು. ಆದರೆ ನಾಲ್ಕು ಕುರ್ಚಿ, ನಾಲ್ಕು ಸಲೈನ್ ಸ್ಟ್ಯಾಂಡ್ ಇಟ್ಟು ರಿಬ್ಬನ್ ಕತ್ತರಿಸಿದರೆ ಕೇಂದ್ರ ಆಗುವುದಿಲ್ಲ. ಔಷಧ ಕಲಸಲು ಸುರಕ್ಷಿತ ಕ್ಯಾಬಿನೆಟ್ ಬೇಕು, ಕಲಿತ ನರ್ಸ್ ಬೇಕು. ಮುಖ್ಯವಾಗಿ, ಔರಾದ್ ಮತ್ತು ಭಾಲ್ಕಿಯ ತಾಲೂಕು ಆಸ್ಪತ್ರೆಯಲ್ಲಿ ನಡುರಾತ್ರಿ ರಕ್ತಕಣ ಎಣಿಸಿ ಆಂಟಿಬಯೋಟಿಕ್ ಹಚ್ಚುವವರು ಬೇಕು. ಫಾರ್ವರ್ಡ್ ಒತ್ತುವ ಬೆರಳಿನಿಂದ ಶಾಸಕರಿಗೆ ಇದನ್ನು ಕೇಳಬಹುದಲ್ಲ? ಅವರ ನಂಬರೂ ನಮ್ಮ ಫೋನಿನಲ್ಲಿರುತ್ತದೆ.

ಡಾಕ್ಟರುಗಳಿಗೂ ಒಂದು ಮಾತು. ಫಾರ್ವರ್ಡ್ ಗೆಲ್ಲುವುದು ನೀವು ಮಾತಾಡದ ಕಡೆ. "ನಾಲ್ಕು ಸೈಕಲ್ ಎಸಿ, ನಾಲ್ಕು ಸೈಕಲ್ ಟಿ" ಅಂದು ಮುಂದಿನವರನ್ನು ಕರೆದರೆ, ಅತ್ತಿಗೆ ಗೊತ್ತಿರುವ ಸೈಕಲ್ ಮೊಮ್ಮಗನದ್ದೊಂದೇ. ಔರಾದಿನವಳಿಗೆ ಮರಾಠಿಯಲ್ಲೋ ಲಂಬಾಣಿಯಲ್ಲೋ ಉರ್ದುವಿನಲ್ಲೋ ಹೇಳುವವರು ಆ ಕೋಣೆಯಲ್ಲಿ ಯಾರಿದ್ದಾರೆ? ಇನ್ನು ಕೊನೆಯ ಹಂತದಲ್ಲಿ, ಏಳಲಾಗದೆ ಮಲಗಿದವರಿಗೆ ಮತ್ತೊಂದು ಕೀಮೋ ಬರೆಯುವುದಕ್ಕಿಂತ, ನೋವು ನೀಗುವ ಮಾರ್ಫಿನ್ ಕೊಟ್ಟು ಮನೆಗೆ ಕಳಿಸುವುದೇ ಎಷ್ಟೋ ಸಲ ದೊಡ್ಡ ಚಿಕಿತ್ಸೆ. ಅದನ್ನು ಬಾಯಿಬಿಟ್ಟು ಹೇಳಿ.

ಬ್ಯಾಡ ಅನ್ನುವ ಹಕ್ಕು ರೋಗಿಗೆ ಇದೆ. ನಾನು ಅದನ್ನು ಕಸಿಯುತ್ತಿಲ್ಲ. ಆದರೆ ಮೊದಲು ಕೇಳಲಿ: ಈ ಕೀಮೋ ಗುಣಪಡಿಸಲಿಕ್ಕೋ, ತಿರುಗಿ ಬರದಂತೆ ತಡೆಯಲಿಕ್ಕೋ, ನೋವು ತಗ್ಗಿಸಲಿಕ್ಕೋ? ನನ್ನಂಥ 100 ಮಂದಿಯಲ್ಲಿ ಎಷ್ಟು ಮಂದಿಗೆ ಉಪಯೋಗ? ತಗೊಳ್ಳದಿದ್ದರೆ ಏನು? ಯಾವ ಔಷಧ, ಎಷ್ಟು ಸಲ, ಯಾವ ತೊಂದರೆ ಉಳಿಯಬಹುದು? ರಾತ್ರಿ ಜ್ವರ ಬಂದರೆ ಯಾರಿಗೆ ಫೋನು? ಇಷ್ಟು ಕೇಳಿ ಬಂದ ಅತ್ತಿ "ಬ್ಯಾಡ" ಅಂದರೆ ಅದು ಆಕೆಯ ತೀರ್ಮಾನ. ಕೇಳಲಿಕ್ಕೇ ಬಿಡದೆ ಪುಣೆಯಿಂದ ಬಂದ "ಬ್ಯಾಡ", ಅದು ಯಾರ ತೀರ್ಮಾನ?

ಆದ್ದರಿಂದ ಊರಿಂದ ಆ ಫೋನು ಬಂದಾಗ ವಿಡಿಯೋ ಹುಡುಕಬ್ಯಾಡ್ರಿ. ಎರಡು ದಿನ ರಜೆ ಹಾಕಿ ಹೋಗ್ರಿ. ಒಂದು ನೋಟ್‌ಬುಕ್, ಒಂದು ಪೆನ್ನು, ಒಂದು ಥರ್ಮಾಮೀಟರ್ ತಗೊಂಡು ಹೋಗ್ರಿ. ಡಾಕ್ಟರ ಮುಂದಿನ ಕುರ್ಚಿಯಲ್ಲಿ ಅತ್ತಿಯ ಬಾಜೂಕ ಕೂಡ್ರಿ. ಓದಿದವರು ಅನ್ನಿಸಿಕೊಂಡದ್ದಕ್ಕೆ ಅಷ್ಟಾದರೂ ಉಪಯೋಗ ಬೇಕಲ್ಲ.